ಕರಡಿಮರಿ ಮಾಡಿದ ತಪ್ಪೇನು?

2002ರಲ್ಲಿ ಒಂದು ಇಮೇಲ್ ಜಗತ್ತಿನ ತುಂಬ ಓಡಾಡಿತು. ಅದನ್ನು ಕಳಿಸಿದವರು ಅಪರಿಚಿತರಲ್ಲ. ಗೆಳೆಯರು, ನೆಂಟರು, ಒಂದೇ ಆಫೀಸಿನಲ್ಲಿ ಕೆಲಸ ಮಾಡುವವರು. ಒಕ್ಕಣೆ ಸರಳವಾಗಿತ್ತು. ನನ್ನ ಕಂಪ್ಯೂಟರಿಗೆ ವೈರಸ್ ಬಂದಿದೆ, ನನ್ನ ವಿಳಾಸಪಟ್ಟಿಯಲ್ಲಿ ನಿಮ್ಮ ಹೆಸರಿರುವುದರಿಂದ ನಿಮಗೂ ಬಂದಿರಬಹುದು. ನಾರ್ಟನ್, ಮೆಕಫಿಯಂಥ ಕಾವಲುಗಾರರಿಗೂ ಇದು ಸಿಗುವುದಿಲ್ಲ. ಹದಿನಾಲ್ಕು ದಿನ ಸುಮ್ಮನೆ ಮಲಗಿದ್ದು ಆಮೇಲೆ ಎದ್ದು ಕಂಪ್ಯೂಟರನ್ನು ಕೆಡಿಸುತ್ತದೆ. ಆದ್ದರಿಂದ 'ಜೆಡಿಬಿಜಿಎಂಜಿಆರ್' ಎಂಬ ಫೈಲನ್ನು ಹುಡುಕಿ. ಅದರ ಪಕ್ಕ ಪುಟ್ಟ ಕರಡಿಯ ಚಿತ್ರ ಇರುತ್ತದೆ. ತೆರೆಯಬೇಡಿ, ಕೂಡಲೇ ಅಳಿಸಿಬಿಡಿ. ನಿಮ್ಮ ಪರಿಚಯದವರಿಗೆಲ್ಲ ತಿಳಿಸಿ.

ಜನ ಹುಡುಕಿದರು. ಫೈಲ್ ಸಿಕ್ಕಿತು. ಬೂದುಬಣ್ಣದ ಕರಡಿಮರಿಯೂ ಪಕ್ಕದಲ್ಲೇ ಕುಳಿತಿತ್ತು. ಪತ್ರದಲ್ಲಿ ಹೇಳಿದ್ದೆಲ್ಲ ನಿಜವಾಯಿತಲ್ಲ ಎಂದು ಹೌಹಾರಿ ಅಳಿಸಿದರು. ಅಳಿಸಿದವರು ಸುಮ್ಮನೆ ಕೂರಲಿಲ್ಲ, ತಮ್ಮ ಪರಿಚಯದವರಿಗೆಲ್ಲ ಅದೇ ಪತ್ರವನ್ನು ದಾಟಿಸಿದರು.

ಕರಡಿಯ ಚಿತ್ರದ ಆ ಫೈಲ್ ವಿಂಡೋಸ್ ಜೊತೆಗೇ ಬಂದಿದ್ದ ಸಾಧು ಪ್ರಾಣಿ. ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ತಮ್ಮ ತಪ್ಪುಗಳನ್ನು ಹುಡುಕಿಕೊಳ್ಳಲು ಮೈಕ್ರೋಸಾಫ್ಟ್ ಕೊಟ್ಟಿದ್ದ ಸಲಕರಣೆಯ ಒಂದು ತುಂಡು. ಕಾವಲುಗಾರರಿಗೆ ಅದು ಸಿಗದೆ ಇದ್ದದ್ದು ನಿಜ. ಸಿಗಲು ಅದು ಕಳ್ಳನೇ ಆಗಿರಲಿಲ್ಲ. ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹುಡುಕಿದವರಿಗೆ ಸಾಬೀತಾದದ್ದು ಫೈಲ್ ಇದೆ ಎಂಬುದಷ್ಟೇ. ಫೈಲ್ ಅಪರಾಧಿ ಎಂಬುದು ಪತ್ರದ ಮಾತು. ಮೊದಲನೆಯದನ್ನು ಕಣ್ಣಾರೆ ಕಂಡ ಕೂಡಲೇ ಎರಡನೆಯದನ್ನೂ ಕಂಡೆವೆಂದು ಜನ ನಂಬಿಬಿಟ್ಟರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಇಂಥವರಿಗೇ ಹೇಳಿದ್ದು.

ಇದಕ್ಕೆ ಒಂದು ವರ್ಷ ಮೊದಲು, 2001ರಲ್ಲಿ, 'ಸಲ್ಫ್‌ಎನ್‌ಬಿಕೆ' ಎಂಬ ಇನ್ನೊಂದು ಫೈಲಿಗೂ ಇದೇ ಗತಿ ಬಂದಿತ್ತು. ವಿಂಡೋಸ್ 98ರಲ್ಲಿ ಉದ್ದನೆಯ ಫೈಲ್ ಹೆಸರುಗಳನ್ನು ಕಾಪಿಟ್ಟು ಮರಳಿ ಕೂರಿಸುವುದು ಅದರ ಕೆಲಸ. ಜೂನ್ 1ರಂದು ಅದು ಎದ್ದು ಎಲ್ಲವನ್ನೂ ನುಂಗುತ್ತದೆ ಎಂದು ಸುದ್ದಿ ಹಬ್ಬಿತು. ಆದರೆ ಈ ಸುದ್ದಿಯ ಹಿಂದೆ ಒಂದು ಎಳೆಯಷ್ಟು ಸತ್ಯವೂ ಇತ್ತು. ಆ ವರ್ಷ ಮ್ಯಾಜಿಸ್ಟ್ರ್ ಎಂಬ ನಿಜವಾದ ವೈರಸ್ಸೊಂದು ಹರಡುತ್ತಿತ್ತು. ಅದು ಕಂಪ್ಯೂಟರಿನಲ್ಲಿರುವ ಸಾಧು ಪ್ರೋಗ್ರಾಮುಗಳ ಮೈಸೇರಿ, ಅವನ್ನೇ ಇಮೇಲಿಗೆ ಲಗತ್ತಿಸಿ ಕಳಿಸುತ್ತಿತ್ತು. ಹಾಗೆ ಸೋಂಕು ತಗಲಿ ಹೊರಟ ಫೈಲುಗಳಲ್ಲಿ ಇದೂ ಒಂದಾಗಿತ್ತು. ಅಂದರೆ ಇಮೇಲಿನಲ್ಲಿ ಬಂದ ಆ ಹೆಸರಿನ ಫೈಲ್ ಅಪಾಯದ್ದಾಗಿರಬಹುದಿತ್ತು, ಕಂಪ್ಯೂಟರಿನಲ್ಲಿ ಮೊದಲಿಂದ ಇದ್ದ ಅದೇ ಹೆಸರಿನ ಫೈಲ್ ನಿರಪರಾಧಿ. ಹೆಸರು ಒಂದೇ, ಬಂದ ದಾರಿ ಬೇರೆ. ಗಾಳಿಸುದ್ದಿಗೆ ಇಂಥ ವ್ಯತ್ಯಾಸ ಬೇಕಿಲ್ಲ, ಅದಕ್ಕೆ ಹೆಸರೊಂದು ಸಿಕ್ಕಿದರೆ ಸಾಕು.

ಹಾಗಾದರೆ ವೈರಸ್ ಎಂದರೆ ಯಾವುದು, ಸಾಧು ಪ್ರೋಗ್ರಾಂ ಎಂದರೆ ಯಾವುದು? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಟದಿಂದ ಹುಟ್ಟಿದ ಕಾಟ

1971ರಲ್ಲಿ ಅಮೆರಿಕದ ಬಿಬಿಎನ್ ಎಂಬ ಸಂಸ್ಥೆಯಲ್ಲಿ ಬಾಬ್ ಥಾಮಸ್ ಎಂಬ ಎಂಜಿನಿಯರ್ 'ಕ್ರೀಪರ್' ಎಂಬ ಪ್ರೋಗ್ರಾಂ ಬರೆದರು. ಇಂದಿನ ಇಂಟರ್ನೆಟ್ಟಿನ ಅಜ್ಜನಾದ ಅರ್ಪಾನೆಟ್ಟಿನಲ್ಲಿ ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತೆವಳಿಕೊಂಡು ಹೋಗಿ, ಸಾಧ್ಯವಾದರೆ ನನ್ನನ್ನು ಹಿಡಿ ಎಂದು ಸವಾಲು ಹಾಕುತ್ತಿತ್ತು. ಏನನ್ನೂ ಕೆಡಿಸುತ್ತಿರಲಿಲ್ಲ. ಪ್ರೋಗ್ರಾಂ ಹೀಗೆ ನಡೆದಾಡಬಲ್ಲುದೇ ಎಂದು ನೋಡುವುದಷ್ಟೇ ಉದ್ದೇಶ. ಅದನ್ನು ಹಿಡಿದು ಅಳಿಸಲು 'ರೀಪರ್' ಎಂಬ ಇನ್ನೊಂದನ್ನು ಬರೆದವರು ರೇ ಟಾಮ್ಲಿನ್ಸನ್. ಇಮೇಲ್ ವಿಳಾಸದ ನಡುವೆ ಇಂದು ನಾವು ಬಳಸುವ 'ಅಟ್' ಚಿಹ್ನೆಯನ್ನು ಆರಿಸಿದವರೂ ಇವರೇ. ಕಳ್ಳನಿಗಿಂತ ಮೊದಲು ಕಳ್ಳ-ಪೊಲೀಸ್ ಆಟವೇ ಹುಟ್ಟಿತು ಎನ್ನಬಹುದು.

1982ರಲ್ಲಿ ಪಿಟ್ಸ್‌ಬರ್ಗ್ ಬಳಿಯ ಹದಿನೈದರ ಹುಡುಗ ರಿಚ್ ಸ್ಕ್ರೆಂಟಾ ಗೆಳೆಯರನ್ನು ಕೀಟಲೆ ಮಾಡಲು 'ಎಲ್ಕ್ ಕ್ಲೋನರ್' ಬರೆದ. ಆಪಲ್ ಕಂಪ್ಯೂಟರಿನ ಫ್ಲಾಪಿಯಿಂದ ಫ್ಲಾಪಿಗೆ ಹಬ್ಬುತ್ತಿದ್ದ ಅದು ಐವತ್ತನೆಯ ಸಲ ಕಂಪ್ಯೂಟರ್ ಹಾಕಿದಾಗ ಪರದೆಯ ಮೇಲೆ ಒಂದು ಪುಟ್ಟ ಪದ್ಯ ತೋರಿಸುತ್ತಿತ್ತು. ಕೀಟಲೆಯೇ ಆದರೂ ಅದು ಕೇಳದೆ ಬೇರೆಯವರ ಫ್ಲಾಪಿಗೆ ನುಗ್ಗುತ್ತಿತ್ತು.

ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ನಮ್ಮ ಉಪಖಂಡದ್ದು. 1986ರಲ್ಲಿ ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಬರೆದದ್ದು. ತಾವು ತಯಾರಿಸಿದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಪುಕ್ಕಟೆ ನಕಲು ಮಾಡಿಕೊಳ್ಳುವುದನ್ನು ತಡೆಯಲು ಹಾಗೆ ಮಾಡಿದೆವು ಎಂದು ಅವರು ಮುಂದೆ ಹೇಳಿದರು. 360 ಕಿಲೋಬೈಟಿನ ಫ್ಲಾಪಿಯ ಮೊದಲ ಭಾಗದಲ್ಲಿ ಕೂತುಕೊಂಡು ಡಿಸ್ಕಿನ ಹೆಸರನ್ನು 'ಬ್ರೇನ್' ಎಂದು ಬದಲಿಸುವುದು ಅದರ ಕೆಲಸ. ಬರೆದವರು ಬಚ್ಚಿಟ್ಟುಕೊಳ್ಳಲಿಲ್ಲ. ವೈರಸ್ಸಿನೊಳಗೇ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಬರೆದು, ಲಸಿಕೆ ಬೇಕಾದರೆ ನಮ್ಮನ್ನು ಸಂಪರ್ಕಿಸಿ ಎಂದಿದ್ದರು. 1987ರ ಹೊತ್ತಿಗೆ ಅದು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯವನ್ನು ಮುಟ್ಟಿತ್ತು. ಇಪ್ಪತ್ತೈದು ವರ್ಷದ ಬಳಿಕ, 2011ರಲ್ಲಿ, ಫಿನ್ಲೆಂಡಿನ ವೈರಸ್ ತಜ್ಞ ಮಿಕ್ಕೊ ಹಿಪ್ಪೊನೆನ್ ಲಾಹೋರಿಗೆ ಹೋಗಿ ಆ ಅಣ್ಣತಮ್ಮಂದಿರನ್ನು ಕಂಡು ಮಾತಾಡಿಸಿಕೊಂಡು ಬಂದರು.

ಹೊರಗಿನವರ ಬಾಯಲ್ಲಿ ಆ ವೈರಸ್ಸಿಗೆ 'ಪಾಕಿಸ್ತಾನಿ ಬ್ರೇನ್' ಎಂಬ ಹೆಸರು ಅಂಟಿತು. ಆಗಿನ ರೂಢಿಯೇ ಹಾಗಿತ್ತು. 1987ರಲ್ಲಿ ಜೆರುಸಲೇಮಿನಲ್ಲಿ ಸಿಕ್ಕಿದ್ದು ಜೆರುಸಲೇಮ್, ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದ್ದು ಲೀಹೈ. 1991ರಲ್ಲಿ ವೈರಸ್ ತಜ್ಞರ ಕೂಟವಾದ ಕ್ಯಾರೊ ಹೆಸರಿಡುವುದಕ್ಕೆ ನಿಯಮಗಳನ್ನು ರೂಪಿಸಿತು. ಸಿಕ್ಕಿದ ಊರಿನ ಹೆಸರನ್ನು ವೈರಸ್ಸಿಗೆ ಇಡಬಾರದು ಎಂಬುದು ಅವುಗಳಲ್ಲೊಂದು. ಒಂದೇ ವೈರಸ್ ಒಂದೇ ಹೊತ್ತಿಗೆ ಹಲವು ಕಡೆ ಕಾಣಿಸಿಕೊಳ್ಳಬಹುದು ಎಂಬುದು ಅವರು ಕೊಟ್ಟ ಕಾರಣ. ಸಿಕ್ಕಿದ ಜಾಗ ಹುಟ್ಟಿದ ಜಾಗವಾಗಬೇಕಿಲ್ಲ, ಹುಟ್ಟಿದ ಜಾಗ ಸ್ವಭಾವವೂ ಅಲ್ಲ. ಕಂಪ್ಯೂಟರ್ ತಜ್ಞರು ಈ ವಿವೇಕವನ್ನು ಐದೇ ವರ್ಷದಲ್ಲಿ ಕಲಿತರು.

ಪೂರ್ತಿ ನಂಬುವ ನ್ಯಾಯಾಧೀಶನಿಲ್ಲ

'ವೈರಸ್' ಎಂಬ ಹೆಸರಿಗೆ ಶಾಸ್ತ್ರದ ಅರ್ಥ ಕೊಟ್ಟವರು ಫ್ರೆಡ್ ಕೋಹೆನ್. 1983ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಅವರು ಇಂಥ ಪ್ರೋಗ್ರಾಮೊಂದನ್ನು ಮಾಡಿ ತೋರಿಸಿದರು. ಹೆಸರನ್ನು ಸೂಚಿಸಿದವರು ಅವರ ಗುರು ಲಿಯೊನಾರ್ಡ್ ಆ್ಯಡಲ್‌ಮನ್. ಬೇರೆ ಪ್ರೋಗ್ರಾಮುಗಳನ್ನು ತಿದ್ದಿ, ಅವುಗಳೊಳಗೆ ತನ್ನದೇ ಪ್ರತಿಯನ್ನು ಸೇರಿಸಬಲ್ಲ ಪ್ರೋಗ್ರಾಮೇ ವೈರಸ್. ಈ ವ್ಯಾಖ್ಯೆಯಲ್ಲಿ ವೈರಸ್ಸಿನ ಹೆಸರಿಲ್ಲ, ಊರಿಲ್ಲ, ಚಹರೆಯಿಲ್ಲ. ಅದು ಏನು ಮಾಡುತ್ತದೆ ಎಂಬುದಷ್ಟೇ ಇದೆ.

ಈ ಅಳತೆಗೋಲಿನಿಂದ ನೋಡಿದರೆ ಕರಡಿಮರಿಯ ಫೈಲ್ ತನ್ನ ಪ್ರತಿಯನ್ನು ಎಲ್ಲಿಗೂ ಕಳಿಸಲಿಲ್ಲ. ಕಳಿಸಿದ್ದು ಪತ್ರ. ಓದಿದವರ ಭಯವನ್ನು ಹಿಡಿದು, ಅವರ ಕೈಯಿಂದಲೇ ತನ್ನ ನಕಲು ಮಾಡಿಸಿಕೊಂಡು, ಅವರ ಕೈಯಿಂದಲೇ ಅವರ ಫೈಲನ್ನು ಅಳಿಸಿತು. ವಹಮಿಗೆ ಲುಕ್ಮಾನನ ಬಳಿಯೂ ಮದ್ದಿಲ್ಲ ಎಂದು ಉರ್ದುವಿನಲ್ಲಿ ಒಂದು ಗಾದೆ ಇದೆ. ಮೆಕಫಿಯ ಬಳಿ ಎಲ್ಲಿಂದ ಬರಬೇಕು!

ಕೋಹೆನ್ 1984ರ ತಮ್ಮ ಪ್ರಬಂಧದಲ್ಲಿ ಇನ್ನೊಂದು ಮಾತನ್ನೂ ತರ್ಕದಿಂದ ತೋರಿಸಿದರು. ಎಲ್ಲ ವೈರಸ್ಸನ್ನೂ ಹಿಡಿಯುವ, ಒಂದು ಸಾಧುವನ್ನೂ ಹಿಡಿಯದ ಪರಿಪೂರ್ಣ ಪರೀಕ್ಷಕ ಇರಲು ಸಾಧ್ಯವಿಲ್ಲ. ತರ್ಕ ಅಜ್ಜಿಕಥೆಯಷ್ಟು ಸುಲಭ. ಅಂಥ ಪರೀಕ್ಷಕನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ನಾನೊಂದು ಪ್ರೋಗ್ರಾಂ ಬರೆಯುತ್ತೇನೆ. ಅದು ಮೊದಲು ಆ ಪರೀಕ್ಷಕನನ್ನೇ ಕೇಳುತ್ತದೆ, ನಾನು ವೈರಸ್ಸೋ ಅಲ್ಲವೋ ಎಂದು. ವೈರಸ್ ಎಂದರೆ ಏನೂ ಮಾಡದೆ ಸುಮ್ಮನಿರುತ್ತದೆ. ಅಲ್ಲ ಎಂದರೆ ಹರಡಲು ಹೊರಡುತ್ತದೆ. ಪರೀಕ್ಷಕ ಏನು ಹೇಳಿದರೂ ಅವನ ಮಾತು ಸುಳ್ಳಾಗುತ್ತದೆ. ಆದ್ದರಿಂದ ವೈರಸ್ ಹಿಡಿಯುವ ಯಾವ ಸಾಫ್ಟ್‌ವೇರೂ ಕೊನೆಯ ನ್ಯಾಯಾಧೀಶನಲ್ಲ. ಅದು ದೂರು ಕೊಡುವ ಬೀಟ್ ಪೊಲೀಸ್ ಮಾತ್ರ. ಬೇಕು, ಆದರೆ ತೀರ್ಪು ಅದರದ್ದಲ್ಲ.

ಈ ಪೊಲೀಸ್ ತಪ್ಪು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. 2007ರ ಮೇ 18ರಂದು ಸಿಮ್ಯಾಂಟೆಕ್ ಕಂಪೆನಿಯ ಸಾಫ್ಟ್‌ವೇರ್, ಚೀನೀ ಭಾಷೆಯ ವಿಂಡೋಸ್ ಎಕ್ಸ್‌ಪಿಯ ಎರಡು ಸಾಧು ಫೈಲುಗಳನ್ನು ವೈರಸ್ ಎಂದು ಎತ್ತಿಹಾಕಿತು. ಆ ಕಂಪ್ಯೂಟರುಗಳು ಮತ್ತೆ ಏಳಲಿಲ್ಲ. 2010ರ ಏಪ್ರಿಲ್ 21ರಂದು ಮೆಕಫಿಯ ಹೊಸ ಪಟ್ಟಿ, ಎಕ್ಸ್‌ಪಿಯ 'ಎಸ್‌ವಿಸಿಹೋಸ್ಟ್' ಎಂಬ ಫೈಲನ್ನು ವೈರಸ್ ಎಂದು ಬಗೆಯಿತು. ವಿಂಡೋಸಿನ ಹಲವು ಸೇವೆಗಳನ್ನು ನಡೆಸುವ ಫೈಲ್ ಅದು. ಕಂಪ್ಯೂಟರುಗಳು ತಾವಾಗಿ ಆರಿ ಹತ್ತಿ, ಆರಿ ಹತ್ತಿ, ಕೆಲಸಕ್ಕೆ ಬಾರದಾದವು. ಅಮೆರಿಕದ ರೋಡ್ ಐಲೆಂಡಿನ ಆಸ್ಪತ್ರೆಗಳು ಕೆಲವು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಆಸ್ಟ್ರೇಲಿಯಾದಲ್ಲಿ ಕೆಲವು ಸೂಪರ್ ಮಾರ್ಕೆಟುಗಳು ಬಾಗಿಲು ಹಾಕಿದವು. ಆ ದಿನ ಕೆಡಿಸಿದ್ದು ವೈರಸ್ಸಲ್ಲ, ಸಾಧುವಿನ ಮೇಲೆ ಬಿದ್ದ ಅನುಮಾನ.

ಇನ್ನೊಂದು ತಮಾಷೆಯ ಸಂಗತಿಯೂ ಇದೆ. ಕಾವಲು ಸಾಫ್ಟ್‌ವೇರ್ ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಿನಲ್ಲಿ 68 ಅಕ್ಷರಗಳ ಒಂದು ಪುಟಾಣಿ ಡಾಸ್ ಪ್ರೋಗ್ರಾಂ ಇದೆ. ಪರದೆಯ ಮೇಲೆ ಒಂದು ಸಾಲು ಬರೆಯುವುದಷ್ಟೇ ಅದಕ್ಕೆ ಗೊತ್ತು. ಆದರೂ ಕಂಡ ಕೂಡಲೇ ವೈರಸ್ ಎಂದು ಕೂಗಬೇಕೆಂದು ಎಲ್ಲ ಕಂಪೆನಿಗಳೂ ಒಪ್ಪಿಕೊಂಡಿವೆ. ಅಂದರೆ ಕೂಗು ಕೇಳಿಸಿತೆಂದ ಮಾತ್ರಕ್ಕೆ ಕಳ್ಳ ಬಂದನೆಂದು ಅರ್ಥವಲ್ಲ.

ಹಳಬರ ಮೇಲೆ ಅನುಮಾನ ಏಕೆ?

ಹಳೆಯ ಪ್ರೋಗ್ರಾಮುಗಳು ಇಂದಿನ ಕಾವಲುಗಾರರ ಕಣ್ಣಿಗೆ ಸುಲಭವಾಗಿ ಬೀಳಲು ಕಾರಣಗಳಿವೆ. ಇಂದಿನ ಸಾಫ್ಟ್‌ವೇರಿಗೆ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಇಪ್ಪತ್ತೈದು ಮೂವತ್ತು ವರ್ಷದ ಹಿಂದಿನವಕ್ಕೆ ಹೆಚ್ಚಾಗಿ ಅದಿಲ್ಲ. ಒಂದೂವರೆ ಮೆಗಾಬೈಟೂ ಹಿಡಿಯದ ಫ್ಲಾಪಿಯಲ್ಲಿ ತುರುಕಲು ಅವುಗಳನ್ನು ಪಿಕೆಲೈಟ್, ಯುಪಿಎಕ್ಸ್‌ನಂಥ ಸಲಕರಣೆಗಳಿಂದ ಒತ್ತಿ ಚಿಕ್ಕದು ಮಾಡುತ್ತಿದ್ದರು. ವೈರಸ್ ಬರೆಯುವವರು ತಮ್ಮ ಸರಕನ್ನು ಮರೆಮಾಚಲು ಬಳಸುವುದೂ ಇಂಥ ಸಲಕರಣೆಗಳನ್ನೇ. ಒಬ್ಬನದು ಬಡತನ, ಇನ್ನೊಬ್ಬನದು ಕಳ್ಳತನ. ಮೂಟೆ ಮಾತ್ರ ಒಂದೇ ತರ ಕಾಣುತ್ತದೆ. ಡಾಸ್ ಕಾಲದ ಪ್ರೋಗ್ರಾಮುಗಳು ಡಿಸ್ಕಿನ ಒಳಗೆ ನೇರವಾಗಿ ಕೈಹಾಕುತ್ತಿದ್ದವು. ಅಂದು ಅದು ಸಹಜ, ಇಂದು ಅದು ದುರ್ವರ್ತನೆ.

ಈ ಮಾತು ನಮ್ಮ ಮನೆಬಾಗಿಲಿಗೂ ಬರುತ್ತದೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡ ಬರೆಯಬೇಕಾದರೆ, ನಾವು ಒತ್ತುವ ಕೀಲಿಗೂ ಪರದೆಯ ಅಕ್ಷರಕ್ಕೂ ನಡುವೆ ಒಂದು ಪ್ರೋಗ್ರಾಂ ಕೂತು, ಪ್ರತಿಯೊಂದು ಒತ್ತನ್ನೂ ಗಮನಿಸಿ ಕನ್ನಡಕ್ಕೆ ತಿರುಗಿಸಬೇಕು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದವು ನಮಗೆ ಮಾಡಿಕೊಟ್ಟ ಉಪಕಾರ ಇದು. ಪಾಸ್‌ವರ್ಡ್ ಕದಿಯುವ ಗೂಢಚಾರ ಪ್ರೋಗ್ರಾಮೂ ಕೂರುವುದು ಅದೇ ಜಾಗದಲ್ಲಿ, ಗಮನಿಸುವುದೂ ಅದೇ ಕೀಲಿಗಳನ್ನು. ಒಂದು ಕೇಳಿದ್ದನ್ನು ಕನ್ನಡವಾಗಿ ಪರದೆಗೆ ಕೊಡುತ್ತದೆ, ಇನ್ನೊಂದು ಗುಟ್ಟಾಗಿ ಹೊರಗೆ ಸಾಗಿಸುತ್ತದೆ. ಕೂತ ಜಾಗ ನೋಡಿ ತೀರ್ಪು ಕೊಟ್ಟರೆ ನಮ್ಮ ಭಾಷೆಯ ಸೇವಕನೂ ಗೂಢಚಾರನೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಇದರಿಂದ ಆಗುವ ನಷ್ಟ ಒಂದು ಪ್ರೋಗ್ರಾಮಿನದ್ದಷ್ಟೇ ಅಲ್ಲ. ಯೂನಿಕೋಡ್ ನೆಲೆಗೊಳ್ಳುವ ಮುಂಚೆ ಕನ್ನಡದ ಪುಸ್ತಕ, ಪತ್ರಿಕೆ, ಸಂಘದ ವರದಿ, ಸಂಶೋಧಕರ ಟಿಪ್ಪಣಿ ಎಲ್ಲವೂ ಆಯಾ ಫಾಂಟಿನ ಸ್ವಂತ ಸಂಕೇತದಲ್ಲೇ ಉಳಿದವು. ಡಿಟಿಪಿ ಅಂಗಡಿಗಳಲ್ಲಿ ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಉರ್ದುವಿನ ಕಥೆಯೂ ಇದೇ. ದೆಹಲಿಯ ಕಂಪೆನಿಯೊಂದು 1994ರಲ್ಲಿ ತಂದ ಇನ್‌ಪೇಜ್, ಕಾತಿಬರು ಕೈಯಲ್ಲಿ ಬರೆಯುತ್ತಿದ್ದ ನಸ್ತಾಲಿಕ್ ಲಿಪಿಯನ್ನು ಕಂಪ್ಯೂಟರಿನಲ್ಲಿ ಬಾಗುವಂತೆ, ಬಳುಕುವಂತೆ ಮಾಡಿತು. ಅಂದಿನಿಂದ ಉಪಖಂಡದ ಎಷ್ಟೋ ಉರ್ದು ಪತ್ರಿಕೆ ಪುಸ್ತಕಗಳು ಅದರಲ್ಲೇ ಜೋಡಣೆಯಾದವು. ಪರಿವರ್ತಕ ಸಾಫ್ಟ್‌ವೇರುಗಳು ಈ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುತ್ತವೆ, ನಿಜ. ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದುಂಟು. ಲೇಖಕ ನಿಜಕ್ಕೂ ಏನು ಬರೆದಿದ್ದ ಎಂದು ನೋಡಬೇಕಾದರೆ ಹಳೆಯ ಪ್ರೋಗ್ರಾಮೇ ಬೇಕು. ಬೀಗ ಇಟ್ಟುಕೊಂಡು ಕೀಲಿಕೈಯನ್ನು ಕಸಕ್ಕೆ ಹಾಕಿದರೆ ಬೀಗದೊಳಗಿನ ಸರಕಿನ ಗತಿಯೇನು?

ಹಾಗೆಂದು ಹಳಬರೆಲ್ಲ ಸಾಧುಗಳು ಎಂದು ಕಣ್ಣುಮುಚ್ಚುವುದೂ ತಪ್ಪು. 2016ರ ನವೆಂಬರಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಒಂದು ಸಂಗತಿ ಹೊರಗೆಡಹಿತು. ಇನ್‌ಪೇಜಿನಲ್ಲಿದ್ದ ಒಂದು ದೋಷವನ್ನು ಹಿಡಿದುಕೊಂಡು, ವಿಷ ಬೆರೆಸಿದ ಇನ್‌ಪೇಜ್ ಕಡತಗಳನ್ನು ಇಮೇಲಿನಲ್ಲಿ ಕಳಿಸಿ, ಏಷ್ಯಾ ಮತ್ತು ಆಫ್ರಿಕಾದ ಕೆಲವು ಬ್ಯಾಂಕುಗಳ ಮೇಲೆ ದಾಳಿ ನಡೆದಿತ್ತು. ಕಡತ ತೆರೆದರೆ ಸಾಕು, ಕಳ್ಳ ಒಳಗೆ. ಇಲ್ಲಿ ಇನ್‌ಪೇಜ್ ವೈರಸ್ಸಲ್ಲ, ಚಿಲಕ ಸಡಿಲವಾದ ಹಳೆಯ ಮನೆ. ಮನೆಯನ್ನು ದೂಷಿಸಬೇಕಿಲ್ಲ, ಯಾರೋ ಕೊಟ್ಟ ಗಂಟನ್ನು ಒಳಗೆ ತರುವ ಮುಂಚೆ ಬಿಚ್ಚಿ ನೋಡಬೇಕು. ಇನ್ನೊಂದು ಮಾತು. ದುಡ್ಡು ಕೊಡದೆ ಬೀಗ ಒಡೆದು ಹಂಚಿದ ನಕಲು ಪ್ರತಿಗಳಲ್ಲಿ ನಿಜವಾದ ವೈರಸ್ ಸೇರಿಕೊಂಡಿರುವುದು ಅಪರೂಪವಲ್ಲ. ಪ್ರೋಗ್ರಾಂ ಸಾಧುವಾದರೂ ನಮ್ಮ ಕೈಯಲ್ಲಿರುವ ಪ್ರತಿ ಸಾಧು ಎಂದಾಗುವುದಿಲ್ಲ.

ವಿಚಾರಣೆಯ ದಾರಿ

ಹಾಗಾದರೆ ಸಾಮಾನ್ಯರು ಏನು ಮಾಡಬೇಕು? ಐವತ್ತು ವರ್ಷದ ಈ ಚರಿತ್ರೆಯಿಂದ ಕೆಲವು ಪ್ರಶ್ನೆಗಳು ಸಿಗುತ್ತವೆ.

ಮೊದಲನೆಯದು, ಈ ಪ್ರತಿ ಎಲ್ಲಿಂದ ಬಂತು? ತಯಾರಕರ ಸೀಡಿಯೋ, ಯಾರೋ ಕೊಟ್ಟ ಪೆನ್‌ಡ್ರೈವೋ, ಇಮೇಲೋ? ಎರಡನೆಯದು, ಒಬ್ಬನ ಮಾತೋ, ಹಲವರ ಮಾತೋ? 2004ರಲ್ಲಿ ಸ್ಪೇನಿನಲ್ಲಿ ಶುರುವಾಗಿ 2012ರಲ್ಲಿ ಗೂಗಲ್ ಕೈಸೇರಿದ ವೈರಸ್‌ಟೋಟಲ್ ಎಂಬ ತಾಣಕ್ಕೆ ಒಂದು ಫೈಲ್ ಕೊಟ್ಟರೆ ಹತ್ತಾರು ಕಾವಲುಗಾರರ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಬಹುಪಾಲು ಮಂದಿ ಒಂದೇ ವೈರಸ್ಸಿನ ಹೆಸರು ಹೇಳಿದರೆ ನಂಬಬೇಕು. ಒಬ್ಬಿಬ್ಬರು 'ಸಂಶಯಾಸ್ಪದ' ಎಂದು ಗೊಣಗಿ ಉಳಿದವರು ಸುಮ್ಮನಿದ್ದರೆ ಇನ್ನಷ್ಟು ವಿಚಾರಿಸಬೇಕು. ಅಲ್ಲಿ ಕೊಟ್ಟದ್ದು ಬೇರೆಯವರ ಕೈಗೂ ಸಿಗುವುದರಿಂದ ಖಾಸಗಿ ಬರಹಗಳನ್ನು ಮಾತ್ರ ಕೊಡಬಾರದು. ಮೂರನೆಯದು, ಬೆರಳಚ್ಚು ಹೊಂದುತ್ತದೆಯೇ? ಪ್ರತಿ ಫೈಲಿನಿಂದಲೂ ಹ್ಯಾಶ್ ಎಂಬ ಒಂದು ಉದ್ದದ ಸಂಖ್ಯೆಯನ್ನು ಲೆಕ್ಕಹಾಕಬಹುದು. ಮೂಲ ಪ್ರತಿಯದೂ ನಮ್ಮದೂ ಒಂದೇ ಆಗಿದ್ದರೆ ನಡುವೆ ಯಾರೂ ಕೈಯಾಡಿಸಿಲ್ಲ. ನಾಲ್ಕನೆಯದೇ ಮುಖ್ಯ, ಅದು ಏನು ಮಾಡುತ್ತದೆ? ಇಂಟರ್ನೆಟ್ ತಂತಿ ಕಿತ್ತ, ಬೇರೇನೂ ಇಲ್ಲದ ಹಳೆಯ ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು. ಡಾಸ್ ಪ್ರೋಗ್ರಾಮಾದರೆ 2002ರಿಂದ ಪುಕ್ಕಟೆ ಸಿಗುವ ಡಾಸ್‌ಬಾಕ್ಸ್ ಇದೆ. ಅದು ಕಂಪ್ಯೂಟರಿನೊಳಗೇ ಒಂದು ಹಳೆಯ ಕಂಪ್ಯೂಟರಿನಂತೆ ನಟಿಸುತ್ತದೆ.

ಅಲ್ಲಿಯವರೆಗೆ ಅನುಮಾನ ಬಂದ ಫೈಲನ್ನು ಅಳಿಸದೆ ಪ್ರತ್ಯೇಕ ಇಡುವ ಸೌಲಭ್ಯ ಎಲ್ಲ ಕಾವಲು ಸಾಫ್ಟ್‌ವೇರಿನಲ್ಲೂ ಇದೆ. ಅದಕ್ಕೆ ಕ್ವಾರಂಟೈನ್ ಎಂದೇ ಹೆಸರು. ಪ್ಲೇಗಿನ ಕಾಲದಲ್ಲಿ ಬಂದರಿಗೆ ಬಂದ ಹಡಗನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದ ಇಟಲಿಯ ಪದ್ಧತಿಯಿಂದ ಬಂದ ಮಾತು. ಹಡಗನ್ನು ಆಗಲೂ ಮುಳುಗಿಸುತ್ತಿರಲಿಲ್ಲ. ರೋಗವಿಲ್ಲವೆಂದು ತಿಳಿದರೆ ಒಳಗೆ ಬಿಡುತ್ತಿದ್ದರು.

2016ರಲ್ಲಿ ಇಂಟರ್ನೆಟ್ ಆರ್ಕೈವ್ ಸಂಸ್ಥೆ, ಲಾಹೋರಿಗೆ ಹೋಗಿ ಬಂದ ಅದೇ ಹಿಪ್ಪೊನೆನ್ ಅವರ ಸಂಗ್ರಹದಿಂದ ಹಳೆಯ ಡಾಸ್ ವೈರಸ್ಸುಗಳ ಒಂದು ಮ್ಯೂಸಿಯಂ ತೆರೆಯಿತು. ಕೆಡಿಸುವ ಭಾಗವನ್ನು ಕತ್ತರಿಸಿ ತೆಗೆದು, ಅವು ಪರದೆಯ ಮೇಲೆ ಆಡುತ್ತಿದ್ದ ಆಟವನ್ನು ಮಾತ್ರ ಉಳಿಸಿದ್ದಾರೆ. ನಿಜವಾದ ಅಪರಾಧಿಗಳಿಗೂ ಚರಿತ್ರೆಯಲ್ಲಿ ಒಂದು ಜಾಗ ಸಿಕ್ಕಿದೆ. ನಮ್ಮ ಭಾಷೆಗಳನ್ನು ಕಂಪ್ಯೂಟರಿಗೆ ಕರೆತಂದ ಹಳೆಯ ಪ್ರೋಗ್ರಾಮುಗಳಿಗೆ ಅಷ್ಟಾದರೂ ಸಿಗಬೇಡವೇ? ಪ್ರಕಾಶಕರ, ಪತ್ರಿಕೆಗಳ, ಮದರಸಾ ಮತ್ತು ಮಠಗಳ ಗ್ರಂಥಾಲಯಗಳ ಕಪಾಟುಗಳಲ್ಲಿ ಇನ್ನೂ ಫ್ಲಾಪಿಗಳು, ಸೀಡಿಗಳು ಉಳಿದಿರಬಹುದು. ಫ್ಲಾಪಿಯ ಮೇಲಿನ ಕಾಂತೀಯ ಲೇಪ ವರ್ಷ ಕಳೆದಂತೆ ಮಂಕಾಗುತ್ತದೆ. ಪೂರ್ತಿ ಮಂಕಾಗುವ ಮೊದಲು ಅವುಗಳ ಪ್ರತಿ ತೆಗೆದು, ಯಾರು ಮಾಡಿದ್ದು, ಯಾವ ವರ್ಷದ್ದು, ಯಾರ ಕೈಯಿಂದ ಬಂತು ಎಂದು ಒಂದು ಚೀಟಿಯಲ್ಲಿ ಬರೆದಿಡಬೇಕು. ಮುಂದೊಂದು ದಿನ ಕಾವಲುಗಾರ ಅದರ ಮೇಲೆ ಅನುಮಾನಪಟ್ಟು ಕೂಗಿದಾಗ, ಅದರ ಪರವಾಗಿ ಸಾಕ್ಷಿ ಹೇಳುವುದು ಆ ಚೀಟಿಯೇ.